ಎಡಗೈ ಕೇಳಿ: ಪ್ರೊಫೆಸರ್ ಲಾಂಗ್‌ಹೇರ್

ನಮಸ್ಕಾರ. ನನಗೆ ಕೊಟ್ಟಿರುವುದು 3 ನಿಮಿಷ. ಹಾಗಾಗಿ ಒಂದೇ ಮಾತು ಹೇಳುತ್ತೇನೆ: ಈ ಮನುಷ್ಯನ ಪಿಯಾನೋ ಹಾಕಿದಾಗ ಎಡಗೈ ಕೇಳಿ. ಬಲಗೈ ಹೇಗಿದ್ದರೂ ಕಿವಿಗೆ ಬೀಳುತ್ತದೆ.

ಹೆಸರು ಹೆನ್ರಿ ರೋಲೆಂಡ್ ಬರ್ಡ್. 1918ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ, ಬೋಗಲೂಸಾ ಎಂಬಲ್ಲಿ ಹುಟ್ಟಿದ. ಬೆಳೆದದ್ದು ನ್ಯೂ ಆರ್ಲಿಯನ್ಸ್‌ನಲ್ಲಿ. ಊರಿಗೆಲ್ಲ ಆತ ಪ್ರೊಫೆಸರ್ ಲಾಂಗ್‌ಹೇರ್. ಕಾಲೇಜಿನಲ್ಲಿ ಪಾಠ ಹೇಳಿದವನಲ್ಲ ಮತ್ತೆ! ಅಲ್ಲಿ ಪಿಯಾನೋ ನುಡಿಸುವವರನ್ನು ಪ್ರೊಫೆಸರ್ ಎನ್ನುವುದು ಆಗ ವಾಡಿಕೆಯಾಗಿತ್ತು. ನಮ್ಮಲ್ಲಿ ಹಾರ್ಮೋನಿಯಂ ಮೇಷ್ಟ್ರು ಅನ್ನಲ್ವಾ, ಹಾಗೆ.

ಹುಡುಗನಾಗಿದ್ದಾಗ ಬೀದಿಯಲ್ಲಿ ಟ್ಯಾಪ್ ಡ್ಯಾನ್ಸ್ ಮಾಡಿ ಚಿಲ್ಲರೆ ಸಂಪಾದಿಸುತ್ತಿದ್ದ. ಕಲಿಯಲು ಸಿಕ್ಕಿದ್ದು ಹಳೇ ಪಿಯಾನೋ, ಅದರಲ್ಲಿ ಕೆಲವು ಮನೆಗಳೇ, ಅಂದರೆ ಒತ್ತುವ ಕೀಗಳೇ, ಇರಲಿಲ್ಲ. ನಾವಾಗಿದ್ದರೆ ರಿಪೇರಿಯವನನ್ನು ಹುಡುಕುತ್ತಿದ್ದೆವು. ಈತ ಇಲ್ಲದ ಮನೆಯನ್ನು ದಾಟಿ ಮುಂದಿನದಕ್ಕೆ ಹಾರಿದ. ಹಾರುವುದು ಗೊತ್ತೇ ಇತ್ತು, ಕುಣಿಯುವ ಹುಡುಗ ಅಲ್ವಾ! ಹೀಗೆ ಎಗರಿ ಎಗರಿಯೇ ಬೆರಳು ಪಳಗಿತು. ಆಮೇಲೆ ಒಳ್ಳೇ ಪಿಯಾನೋ ಸಿಕ್ಕರೂ ಆ ನಡೆ ಬಿಡಲಿಲ್ಲ. ಕಾಲೂ ಸುಮ್ನೆ ಕೂರಲಿಲ್ಲ. ನುಡಿಸುತ್ತಲೇ ಪಿಯಾನೋದ ಬುಡಕ್ಕೆ ತಾಳ ಹಿಡಿದು ಒದೆಯುತ್ತಿದ್ದ, ಡೋಲು ಬಡಿದ ಹಾಗೆ. ಪಿಯಾನೋ ಯಾರದ್ದೋ, ಅವರ ಹೊಟ್ಟೆ ಎಷ್ಟು ಉರಿದಿತ್ತೋ!

ಸರಿ, ಎಡಗೈಗೆ ಬನ್ನಿ. ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ, ಬರೀ ಅಳು ಎಂದುಕೊಂಡವರೇ ಜಾಸ್ತಿ. ದಯವಿಟ್ಟು ಅದನ್ನು ಬಿಡಿ. ನ್ಯೂ ಆರ್ಲಿಯನ್ಸ್ ಬಂದರು ಊರು, ಕ್ಯೂಬಾದ ತಾಳ ಅಲ್ಲಿಗೆ ಹೊಸದೇನಲ್ಲ. ಇವನ ಬಲಗೈ ಬ್ಲೂಸ್ ಹಾಡುತ್ತಿದ್ದರೆ ಎಡಗೈ ಕೆಳಗೆ ಕ್ಯೂಬಾದ ಕುಣಿತದ ತಾಳ ರುಂಬಾ ಕುಣಿಯುತ್ತಿರುತ್ತದೆ. ಮೃದಂಗದ ಎಡಮುಖಕ್ಕೆ ಕಿವಿ ಕೊಡುವವರಿಗೆ ಇದು ತಕ್ಷಣ ಸಿಕ್ಕಿಬಿಡುತ್ತದೆ.

ಅಯ್ಯೋ, ಹಳೇ ಪಿಯಾನೋದಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ. 1949ರಲ್ಲಿ ಮೊದಲ ರೆಕಾರ್ಡಿಂಗ್, 1953ರಲ್ಲಿ 'ಟಿಪಿಟೀನಾ' ಹಾಡು. ಆಮೇಲೆ ಊರೇ ಮರೆತುಬಿಟ್ಟಿತು. 1960ರ ದಶಕದಲ್ಲಿ ಈತ ರೆಕಾರ್ಡ್ ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದ. ರೆಕಾರ್ಡ್ ಅಂಗಡಿಯಲ್ಲಿ, ನೋಡಿ! 1971ರಲ್ಲಿ ಊರಿನ ಜಾಝ್ ಉತ್ಸವಕ್ಕೆ ಕರೆತಂದು ಕೂರಿಸಿದರು, ಜನ ಎದ್ದು ಕುಣಿದರು. 1977ರಲ್ಲಿ ಅಭಿಮಾನಿಗಳು 'ಟಿಪಿಟೀನಾ' ಹಾಡಿನ ಹೆಸರಲ್ಲೇ ಸಂಗೀತದ ಕ್ಲಬ್ ತೆರೆದರು. 1980ರ ಜನವರಿಯಲ್ಲಿ ತೀರಿಕೊಂಡ. ಅದೇ ಊರಿನ ಹೆಸರಾಂತ ಪಿಯಾನೋ ವಾದಕರಾದ ಅಲೆನ್ ಟೂಸಾಂಟ್, ಡಾಕ್ಟರ್ ಜಾನ್ ಇಬ್ಬರೂ ಇವನನ್ನು ಕೇಳಿಯೇ ಕಲಿತವರು. ಅವರ ಬಗ್ಗೆಯೂ ಹೇಳಬೇಕಿತ್ತು, ಆದರೆ ಸ್ಟುಡಿಯೋ ಗಾಜಿನಾಚೆಯಿಂದ ಹೊತ್ತಾಯಿತು ಎಂದು ಕೈ ತೋರಿಸುತ್ತಿದ್ದಾರೆ.

ಆಯ್ತು, 'ಟಿಪಿಟೀನಾ' ಹಾಕಿಬಿಡಿ. ಕೇಳುಗರೇ, ಎಡಗೈ!