ಕೋಡ್ ಬರೆಯುವ ಮೊದಲು ಹೋಗಿ ನೋಡಿ

(ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಬೆಳಗಾವಿಯಲ್ಲಿ ಮಾಡಿದ ಉಪನ್ಯಾಸ)

ಪ್ರಾಚಾರ್ಯರಿಗೆ, ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ.

ಇನ್ನು ಕೆಲವೇ ದಿನಗಳಲ್ಲಿ ನೀವು ಪ್ರಾಜೆಕ್ಟ್ ಸಿನಾಪ್ಸಿಸ್, ಅಂದರೆ ಮಾಡಲಿರುವ ಕೆಲಸದ ಚಿಕ್ಕ ರೂಪರೇಖೆ, ಕೊಡಬೇಕು ಎಂದು ನಿಮ್ಮ ಮೇಡಂ ಹೇಳಿದರು. ಅದಕ್ಕೇ ನಾನು ಬೇರೆ ಕೆಲಸ ಬಿಟ್ಟು ಬಂದೆ. ಸಿನಾಪ್ಸಿಸ್ ಕೊಟ್ಟ ಮೇಲೆ ಈ ಮಾತು ಆಡಿ ಪ್ರಯೋಜನವಿಲ್ಲ.

ಪ್ರತಿ ವರ್ಷ ನನ್ನ ಮುಂದೆ ಬರುವ ಸಿನಾಪ್ಸಿಸ್‌ಗಳಲ್ಲಿ 'ರೈತರಿಗಾಗಿ ಸ್ಮಾರ್ಟ್ ಆ್ಯಪ್' ಎಂಬುದು ಇದ್ದೇ ಇರುತ್ತದೆ. ಓದುತ್ತಾ ಹೋಗುತ್ತೇನೆ. ಸರ್ವರ್ ಇದೆ, ಡೇಟಾಬೇಸ್ ಇದೆ, ಬಾಣದ ಗುರುತು ಹಾಕಿದ ಚಿತ್ರ ಇದೆ. ರೈತ ಮಾತ್ರ ಎಲ್ಲೂ ಇಲ್ಲ. ಯಾವ ರೈತ? ಅಥಣಿಯ ಕಬ್ಬಿನವರೋ, ಸವದತ್ತಿ ಕಡೆ ಕಡಲೆ, ಜೋಳ ಬಿತ್ತುವವರೋ? ಫೋನ್ ಅವರ ಕೈಯಲ್ಲಿದೆಯೋ, ಮಗನ ಕೈಯಲ್ಲಿದೆಯೋ? ಇಷ್ಟನ್ನೂ ನೋಡದೆ ಬರೆದ ಕೋಡ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಅನ್ವಯಿಕ ಸಂಶೋಧನೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ಹೋಗಿ ನೋಡಿ. ಈ ಮಾತನ್ನು ಇವತ್ತು ತುಂಬಾ ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮಗೆ ತೀರಾ ಹತ್ತಿರದ ಒಂದು ಕತೆ ಹೇಳುತ್ತೇನೆ. ನಿಪ್ಪಾಣಿ ದಾಟಿ ಕೊಲ್ಲಾಪುರಕ್ಕೆ ಹೋದರೆ ಅಲ್ಲಿಂದ ಸ್ವಲ್ಪ ದೂರದಲ್ಲಿ ವಾರಣಾನಗರ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆ, ಹಾಲಿನ ಸಂಘ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. 1998ರಲ್ಲಿ ಸರ್ಕಾರ ಮತ್ತು ಸಹಕಾರಿ ಸಂಘ ಸೇರಿ ಅಲ್ಲಿ ಒಂದು ದೊಡ್ಡ ಯೋಜನೆ ಮಾಡಿದವು. ಸುತ್ತಲಿನ ಸುಮಾರು 70 ಹಳ್ಳಿಗಳಲ್ಲಿ ಕಂಪ್ಯೂಟರ್ ಕೇಂದ್ರ. ರೈತರು ಬರುತ್ತಾರೆ, ಇಂಟರ್ನೆಟ್‌ನಲ್ಲಿ ಬೆಳೆಯ ಮಾಹಿತಿ ನೋಡುತ್ತಾರೆ, ಪೇಟೆ ದರ ತಿಳಿದುಕೊಳ್ಳುತ್ತಾರೆ, ಹಳ್ಳಿಯ ಚಿತ್ರವೇ ಬದಲಾಗುತ್ತದೆ ಎಂಬ ಆಸೆ. ಆ ಆಸೆ ತಪ್ಪಲ್ಲ. ಆಗ ದೇಶದ ತುಂಬ ಅದೇ ಗಾಳಿ ಇತ್ತು.

ಕೆಲವು ವರ್ಷ ಕಳೆದವು. 2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿಯ ರಾಜೇಶ್ ವೀರರಾಘವನ್, ಕೆಂಟಾರೊ ಟೊಯಾಮ ಮತ್ತು ಜೊತೆಗಾರರು ವಾರಣಾದ ಈ ಹಳ್ಳಿಗಳಿಗೆ ಹೋದರು. ಹೋದವರು ಏನು ಮಾಡಿದರು? ಕೇಂದ್ರಗಳಲ್ಲಿ ಕೂತು ನೋಡಿದರು. ಯಾರು ಬರುತ್ತಾರೆ, ಏನು ಕೇಳುತ್ತಾರೆ, ಕಂಪ್ಯೂಟರ್ ಮುಂದೆ ಕೂರುವವರು ಯಾರು.

ಅವರಿಗೆ ಕಂಡದ್ದು ಇದು. ಇಂಟರ್ನೆಟ್ ಹೆಚ್ಚು ಕಡಿಮೆ ಯಾರಿಗೂ ಬೇಕಾಗಿರಲಿಲ್ಲ. ಕಂಪ್ಯೂಟರ್ ಮುಟ್ಟುತ್ತಿದ್ದವನು ಆಪರೇಟರ್ ಒಬ್ಬನೇ. ರೈತರು ಬಂದು ಅವನನ್ನು ಕೇಳುತ್ತಿದ್ದರು, ಉತ್ತರ ಸಿಕ್ಕ ಮೇಲೆ ಹೋಗುತ್ತಿದ್ದರು. ಕೇಳುತ್ತಿದ್ದದ್ದೂ ಬೆರಳೆಣಿಕೆಯಷ್ಟು ಸಂಗತಿ. ಕಾರ್ಖಾನೆಗೆ ಹೋದ ನನ್ನ ಕಬ್ಬು ಎಷ್ಟು ತೂಗಿತು, ಗೊಬ್ಬರದ ಲೆಕ್ಕ ಏನಾಯಿತು, ದುಡ್ಡಿನ ವಿಷಯ ಏನು. ನೀವು ಚಿಕ್ಕೋಡಿ, ರಾಯಬಾಗ ಕಡೆಯವರಾದರೆ ಮನೆಯಲ್ಲೇ ಈ ಮಾತು ಕೇಳಿರುತ್ತೀರಿ. "ನಂದು ಎಷ್ಟ್ ಟನ್ ಆತು? ಬಿಲ್ ಯಾವಾಗ?" ಹಂಗಾಮು ಶುರುವಾದರೆ ಮನೆಮನೆಯಲ್ಲೂ ಇದೇ ಪ್ರಶ್ನೆ, ಅಲ್ವಾ?

ಈಗ ನೀವೇ ಹೇಳಿ. ಈ ಉತ್ತರಕ್ಕೆ ಎಷ್ಟು ಜಾಗ ಬೇಕು? ಒಂದು ಎಸ್‌ಎಂಎಸ್ ಸಾಕು. ಅದಕ್ಕೆ ಒಂದು ಕೋಣೆ, ಕಂಪ್ಯೂಟರ್, ಯುಪಿಎಸ್, ಆಗಾಗ ಕೈಕೊಡುವ ಲೈನ್, ಕೆಟ್ಟರೆ ಪಟ್ಟಣದಿಂದ ಬರಬೇಕಾದ ರಿಪೇರಿಯವನು. ಕರೆಂಟ್ ಹೋದರೆ ಎಲ್ಲವೂ ಸ್ತಬ್ಧ. ಅದೇ ಹೊತ್ತಿಗೆ ಬಟನ್ ಫೋನ್ ಹಳ್ಳಿಗೆ ಬಂದಾಗಿತ್ತು. ಒಮ್ಮೆ ಚಾರ್ಜ್ ಮಾಡಿದರೆ ಒಂದೆರಡು ದಿನ ಯೋಚನೆ ಇಲ್ಲ.

ಆ ಸಂಶೋಧಕರು ಕಾರ್ಖಾನೆ ಕಡೆಯ ಒಂದು ಕಂಪ್ಯೂಟರ್‌ಗೆ ಮೊಬೈಲ್ ಜೋಡಿಸಿದರು. ಹಳ್ಳಿಯಿಂದ ಎಸ್‌ಎಂಎಸ್ ಕಳಿಸಿದರೆ ಡೇಟಾಬೇಸ್‌ನಿಂದ ಉತ್ತರ ತೆಗೆದು ವಾಪಸ್ ಕಳಿಸುವಂತೆ ಮಾಡಿದರು. 7 ಹಳ್ಳಿಗಳಲ್ಲಿ 8 ತಿಂಗಳು ನಡೆಸಿ ನೋಡಿದರು. ರೈತರಿಗೆ ಇದೇ ಅನುಕೂಲ ಎನಿಸಿತು, ಖರ್ಚೂ ಇಳಿಯಿತು.

ತಂತ್ರಜ್ಞಾನದ ಮಟ್ಟಿಗೆ ಇದರಲ್ಲಿ ಹೊಸದೇನಿದೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಎಸ್‌ಎಂಎಸ್ ಆಗಲೇ ಹಳೆಯದು. ನಿಮ್ಮಲ್ಲಿ ಯಾರೇ ಆದರೂ ಆ ಕೋಡ್ ಒಂದು ವಾರದಲ್ಲಿ ಬರೆಯುತ್ತೀರಿ. ಕಷ್ಟವಿದ್ದದ್ದು ಕೋಡ್‌ನಲ್ಲಿ ಅಲ್ಲ. ಕಂಪ್ಯೂಟರ್ ಕೇಂದ್ರವನ್ನು ಇನ್ನೂ ಚೆಂದ ಮಾಡುವುದು ಹೇಗೆ ಎಂದು ಕೇಳುತ್ತಾ ಕೂರದೆ, ಈ ಕೆಲಸಕ್ಕೆ ಕಂಪ್ಯೂಟರ್ ಬೇಕೇ ಎಂದು ಕೇಳಿದರಲ್ಲ, ಅಲ್ಲಿ. ಅದೂ ಕಂಪ್ಯೂಟರ್ ಕಂಪನಿಯೊಂದರ ಸಂಶೋಧಕರು ಹಳ್ಳಿಯಿಂದ ಕಂಪ್ಯೂಟರ್ ತೆಗೆಯಬಹುದು ಎಂದು ಬರೆದು ಪ್ರಕಟಿಸಿದರು. ಅಲ್ಲಿ ಹೋಗಿ ಕೂರದಿದ್ದರೆ ಆ ಪ್ರಶ್ನೆಯೇ ಅವರಿಗೆ ಹುಟ್ಟುತ್ತಿರಲಿಲ್ಲ.

ಅದೇ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಇನ್ನೊಂದು ಕೆಲಸ. ಸರ್ಕಾರಿ ಶಾಲೆಗಳಲ್ಲಿ ಒಂದು ಕಂಪ್ಯೂಟರ್ ಸುತ್ತ ಐದಾರು ಮಕ್ಕಳು ಕೂತಿರುತ್ತಾರೆ. ಮೌಸ್ ಒಬ್ಬನ ಕೈಯಲ್ಲಿ. ಉಳಿದವರು ಸುಮ್ನೆ ನೋಡುತ್ತಿರುತ್ತಾರೆ. ಸಾಮಾನ್ಯವಾಗಿ ಜೋರಿನ ಹುಡುಗನೇ ಮೌಸ್ ಹಿಡಿದಿರುತ್ತಾನೆ, ಹುಡುಗಿಯರು ಹಿಂದೆ. ಪ್ರತಿ ಮಗುವಿಗೂ ಒಂದು ಕಂಪ್ಯೂಟರ್ ಕೊಡಲು ಯಾರ ಹತ್ತಿರವೂ ದುಡ್ಡಿಲ್ಲ. ಉದಯ್ ಸಿಂಗ್ ಪವಾರ್ ಮತ್ತು ಜೊತೆಗಾರರು ಪ್ರತಿ ಮಗುವಿಗೂ ಒಂದು ಮೌಸ್ ಕೊಟ್ಟರು. ಒಂದೇ ಪರದೆ, ಬೇರೆ ಬೇರೆ ಬಣ್ಣದ ಬಾಣಗಳು. ಇದನ್ನು ಲ್ಯಾಬ್‌ನಲ್ಲಿ ಕೂತು ಯೋಚಿಸಲು ಆಗುತ್ತದೆಯೇ? ಲ್ಯಾಬ್‌ನಲ್ಲಿ ನಮ್ಮ ಮುಂದೆ ಒಬ್ಬರಿಗೊಂದು ಕಂಪ್ಯೂಟರ್ ಇರುತ್ತದೆ.

ಇಲ್ಲಿ ಯಾರೋ ತಲೆ ಅಲ್ಲಾಡಿಸುತ್ತಿದ್ದೀರಿ. "ಸರ್, ನಾವೂ ಹೋಗುತ್ತೇವೆ, ಗೂಗಲ್ ಫಾರ್ಮ್ ತುಂಬಿಸಿಕೊಂಡು ಬರುತ್ತೇವೆ" ಎನ್ನುತ್ತೀರಿ. ಒಳ್ಳೆಯದು, ಆದರೆ ಅಷ್ಟೇ ಸಾಲದು. ಏಕೆಂದು ಹೇಳುತ್ತೇನೆ.

ಗುಜರಾತಿನಲ್ಲಿ ಅವಾಜ್ ಓಟಲೊ ಎಂಬ ಒಂದು ಫೋನ್ ಸೇವೆ ಇತ್ತು. ನೀಲ್ ಪಟೇಲ್ ಮತ್ತು ಜೊತೆಗಾರರು ಕಟ್ಟಿದ್ದು. ಓದು ಬರಹ ಬೇಡ. ರೈತರು ಫೋನ್ ಮಾಡಿ ತಮ್ಮ ಭಾಷೆಯಲ್ಲೇ ಪ್ರಶ್ನೆ ಹೇಳುತ್ತಾರೆ, ಉತ್ತರ ಕೇಳುತ್ತಾರೆ, ಬೇರೆಯವರ ಪ್ರಶ್ನೆಗೂ ಉತ್ತರ ಕೊಡಬಹುದು. ಆಮೇಲೆ ಅವರೊಂದು ಪ್ರಯೋಗ ಮಾಡಿದರು. ಬೇಸಾಯದ ಸಲಹೆಗಳನ್ನು ಕೆಲವರಿಗೆ ಕೃಷಿ ವಿಜ್ಞಾನಿಯ ಧ್ವನಿಯಲ್ಲಿ ಕಳಿಸಿದರು, ಕೆಲವರಿಗೆ ರೈತರ ಧ್ವನಿಯಲ್ಲಿ. ಯಾರ ಸಲಹೆ ಬೇಕು ಎಂದು ಬಾಯಿಬಿಟ್ಟು ಕೇಳಿದರೆ ವಿಜ್ಞಾನಿಯದೇ ಬೇಕು ಎಂದರು. ಹೆಚ್ಚಿನ ವಿವರಕ್ಕಾಗಿ ತಾವಾಗಿ ವಾಪಸ್ ಫೋನ್ ಮಾಡಿದ್ದು ಮಾತ್ರ ರೈತರ ಧ್ವನಿ ಕೇಳಿದಾಗಲೇ ಜಾಸ್ತಿ. ಆ ಸಂಶೋಧನೆಯಲ್ಲಿ ಫಾರ್ಮ್ ತುಂಬಿಸಿ ಬಿಟ್ಟಿದ್ದರೆ ತದ್ವಿರುದ್ಧದ ತೀರ್ಮಾನ ಬರುತ್ತಿತ್ತು.

ರೈತರು ಸುಳ್ಳು ಹೇಳಿದರು ಎಂದಲ್ಲ. ಓದಿದವರು ಮನೆಗೆ ಬಂದು ಕೇಳಿದರೆ ನಮ್ಮ ಜನ ಮರ್ಯಾದೆಗೆ ಒಪ್ಪುವ ಉತ್ತರ ಕೊಡುತ್ತಾರೆ. ನಿಮ್ಮ ಆ್ಯಪ್ ತೋರಿಸಿ ಹೇಗಿದೆ ಅಜ್ಜಾ ಎಂದರೆ ಚಲೋ ಐತಪ್ಪಾ ಎನ್ನುತ್ತಾರೆ. ಮಕ್ಕಳ ಮುಖ ಬಾಡಬಾರದು ಎಂಬ ಪ್ರೀತಿ ಅದು. ಅದನ್ನೇ ಶೇಕಡಾ 95 ತೃಪ್ತಿ ಎಂದು ವರದಿಯಲ್ಲಿ ಬರೆಯಬೇಡಿ. ಎರಡು ವಾರ ಬಿಟ್ಟು ಹೋಗಿ ಆ ಫೋನ್‌ನಲ್ಲಿ ನಿಮ್ಮ ಆ್ಯಪ್ ಇನ್ನೂ ಇದೆಯಾ ನೋಡಿ.

ರೈತರ ಧ್ವನಿಯ ಮಾತು ಬಂತು. ಡಿಜಿಟಲ್ ಗ್ರೀನ್ ಎಂಬ ಕೃಷಿ ವಿಡಿಯೊ ಯೋಜನೆ ಶುರುವಾದದ್ದು ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ. ರಿಕಿನ್ ಗಾಂಧಿ ಮತ್ತು ಬಳಗ ಆಯಾ ಭಾಗದ ರೈತರನ್ನೇ ವಿಡಿಯೊ ಮಾಡಿದರು, ಸಂಜೆ ಊರಲ್ಲಿ ಟಿವಿ, ಡಿವಿಡಿ ಇಟ್ಟು ತೋರಿಸಿದರು. ಜೊತೆಗೆ ಊರಿನವರೇ ಒಬ್ಬರು ನಿಂತು ನಡುನಡುವೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ನೋಡಿದವರ ಮೊದಲ ಪ್ರಶ್ನೆ ಬೀಜದ್ದಲ್ಲ, ಗೊಬ್ಬರದ್ದಲ್ಲ. ಆ ವಿಡಿಯೊದಲ್ಲಿರುವವರ ಹೆಸರೇನು, ಯಾವ ಊರು? ತಮ್ಮಂಥವರೇ ಎಂದು ಖಾತ್ರಿಯಾದ ಮೇಲೆ ಮುಂದಿನ ಮಾತು. ಮಾಮೂಲಿ ವಿಸ್ತರಣಾ ಕೆಲಸಕ್ಕೆ, ಅಂದರೆ ಕಾರ್ಯಕರ್ತರು ಊರೂರಿಗೆ ಹೋಗಿ ರೈತರಿಗೆ ಹೇಳಿಕೊಡುವುದಕ್ಕೆ ಹೋಲಿಸಿದರೆ ಹೊಸ ಪದ್ಧತಿ ಅಳವಡಿಸಿಕೊಂಡವರು 6-7 ಪಟ್ಟು ಎಂದು ಅವರು ಅಳೆದು ತೋರಿಸಿದರು. ಅಳೆದರು ಎಂಬುದನ್ನು ಗಮನಿಸಿ. ನೋಡುವುದು ಮೊದಲ ಅರ್ಧ, ಅಳೆಯುವುದು ಉಳಿದರ್ಧ.

ಇನ್ನು ಭೂಮಿ ಯೋಜನೆ, ಜಮೀನಿನ ದಾಖಲೆಗಳನ್ನು ಕಂಪ್ಯೂಟರ್‌ಗೆ ಹಾಕಿದ ಸರ್ಕಾರಿ ಯೋಜನೆ. ಇದರ ಬಗ್ಗೆ ಮಾತಾಡದೆ ಕರ್ನಾಟಕದಲ್ಲಿ ಮಾಹಿತಿ ವ್ಯವಸ್ಥೆಯ ಮಾತು ಮುಗಿಯುವುದಿಲ್ಲ. ನಿಮ್ಮ ಅಜ್ಜನಿಗೆ ಉತಾರ, ಅಂದರೆ ಪಹಣಿ, ಬೇಕಾದರೆ ಊರಿನ ಲೆಕ್ಕಿಗರಾದ ತಲಾಠಿಯನ್ನು ಹುಡುಕಬೇಕಿತ್ತು. ಅವರು ಸಿಕ್ಕರೆ, ಮನಸ್ಸು ಮಾಡಿದರೆ, ಕೈಯಲ್ಲಿ ಬರೆದು ಕೊಡುತ್ತಿದ್ದರು. 2000ದ ಆಸುಪಾಸಿನಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರ್‌ಗೆ ಹೋದವು. ಆಗ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು.

ನನಗೆ ಇಷ್ಟವಾದದ್ದು ಅದರ ಗಾತ್ರ ಅಲ್ಲ. ಎರಡು ಸಣ್ಣ ಸಂಗತಿ. ಕೌಂಟರ್‌ನಲ್ಲಿ ಇನ್ನೊಂದು ಪರದೆ ಇತ್ತು, ರೈತರ ಕಡೆಗೆ ಮುಖ ಮಾಡಿ. ಒಳಗಿನವರು ಏನು ಮಾಡುತ್ತಿದ್ದಾರೆ ಎಂದು ಹೊರಗೆ ನಿಂತವರಿಗೆ ಕಾಣಬೇಕು. ಎರಡನೆಯದು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ತೆರೆಯಬೇಕು. ಬೇಕಾದವರದ್ದನ್ನು ಮೊದಲು ಎತ್ತಿಕೊಳ್ಳಲು ಸಾಫ್ಟ್‌ವೇರ್ ಬಿಡುವುದಿಲ್ಲ. ನೀವು ಮೂರನೇ ಸೆಮಿಸ್ಟರ್‌ನಲ್ಲಿ ಕ್ಯೂ ಎಂದು ಓದಿದಿರಲ್ಲ, ಮೊದಲು ಬಂದದ್ದು ಮೊದಲು ಹೊರಗೆ, ಅದೇ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಅದು. ತಾಲ್ಲೂಕು ಕಚೇರಿಯಲ್ಲಿ ಅದು ನ್ಯಾಯದ ಪ್ರಶ್ನೆ. ಕಚೇರಿಯಲ್ಲಿ ಫೈಲ್ ಹೇಗೆ ಹಿಂದೆ ಮುಂದೆ ಆಗುತ್ತದೆ ಎಂದು ಕಣ್ಣಾರೆ ಕಂಡವರಿಗೆ ಮಾತ್ರ ಹೀಗೆ ಹೊಳೆಯುತ್ತದೆ.

ಭೂಮಿಗೂ ಟೀಕೆಗಳಿವೆ. ಊರಲ್ಲೇ ಸಿಗುತ್ತಿದ್ದದ್ದಕ್ಕೆ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ತಾಲ್ಲೂಕಿಗೆ ಹೋಗಬೇಕಾಯಿತು. ಹಳೆಯ ದಾಖಲೆಯ ತಪ್ಪುಗಳು ಹಾಗೇ ಕಂಪ್ಯೂಟರ್‌ಗೆ ಹೋಗಿ ಇನ್ನಷ್ಟು ಗಟ್ಟಿಯಾದವು. ದಾಖಲೆ ಸಲೀಸಾಗಿ ಸಿಕ್ಕಿದ್ದರಿಂದ ದೊಡ್ಡ ಭೂ ವ್ಯವಹಾರದವರಿಗೇ ಲಾಭವಾಯಿತು ಎಂದು ಬೆಂಗಳೂರಿನ ಸುತ್ತ ಅಧ್ಯಯನ ಮಾಡಿದವರು ವಾದಿಸಿದರು. ಈ ಟೀಕೆಗಳೂ ಹೋಗಿ ನೋಡಿದವರಿಂದಲೇ ಬಂದವು. ಅವನ್ನೂ ಸಂಶೋಧನೆ ಎಂದೇ ಓದಿ.

ಚೀಟಿ ಬಂತು. ಹತ್ತು ನಿಮಿಷ ಎಂದಿದೆ. ಇನ್ನೂ ಕೆಲವು ಉದಾಹರಣೆ ಇದ್ದವು, ಬಿಡೋಣ. ಒಂದನ್ನು ಮಾತ್ರ ಹೇಳಲೇಬೇಕು.

ಕ್ಷಯರೋಗಕ್ಕೆ ಆರು ತಿಂಗಳು ಮಾತ್ರೆ. ನಡುವೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದಂತಾಗಬಹುದು. ನುಂಗುವುದನ್ನು ಯಾರಾದರೂ ಎದುರಿಗೆ ನಿಂತು ನೋಡಬೇಕೆಂದರೆ ರೋಗಿ ಪದೇ ಪದೇ ಆಸ್ಪತ್ರೆಗೆ ಬರಬೇಕು. ಕೂಲಿ ಮಾಡುವವರಿಗೆ ಸಾಧ್ಯವೇ? ಬೆಂಗಳೂರಿನಲ್ಲಿ ಬಿಲ್ ಥೀಸ್ ಮತ್ತು ಜೊತೆಗಾರರು 99ಡಾಟ್ಸ್ ಮಾಡಿದರು. ಮಾತ್ರೆ ಪಟ್ಟಿಗೆ ಒಂದು ಕಾಗದದ ಹೊದಿಕೆ. ಮಾತ್ರೆ ಒತ್ತಿ ತೆಗೆದರೆ ಹಿಂದೆ ಅಡಗಿದ ಫೋನ್ ನಂಬರ್ ಕಾಣುತ್ತದೆ. ಯಾವ ದಿನ ಯಾವ ನಂಬರ್ ಎಂದು ಮೊದಲೇ ಗೊತ್ತಾಗುವುದಿಲ್ಲ. ಅದಕ್ಕೆ ಕರೆ ಮಾಡಿದರೆ ದುಡ್ಡು ಹೋಗುವುದಿಲ್ಲ, ಇವತ್ತಿನ ಮಾತ್ರೆ ಆಯಿತು ಎಂದು ದಾಖಲಾಗುತ್ತದೆ. ಬಟನ್ ಫೋನ್ ಸಾಕು. ಕರೆ ಬರದಿದ್ದರೆ ಆರೋಗ್ಯ ಕಾರ್ಯಕರ್ತೆಗೆ ತಿಳಿಯುತ್ತದೆ, ಅವರು ವಿಚಾರಿಸುತ್ತಾರೆ. ಎಷ್ಟು ಚೆಂದದ ಉಪಾಯ! ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು.

ಆಮೇಲೆ ಬೇರೆ ಸಂಶೋಧಕರು ರೋಗಿಗಳ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿ ಕರೆಗಳ ದಾಖಲೆಯ ಜೊತೆ ಹೋಲಿಸಿದರು. ಮಾತ್ರೆ ನುಂಗಿಯೂ ಕರೆ ಮಾಡದವರಿದ್ದರು, ಕರೆ ಮಾಡಿಯೂ ನುಂಗದವರಿದ್ದರು. ಕರೆಯ ದಾಖಲೆಯನ್ನಷ್ಟೇ ನಂಬುವಂತಿಲ್ಲ ಎಂದು ಬರೆದು ಪ್ರಕಟಿಸಿದರು. ಉಪಾಯ ಮಾಡಿದವರ ಮೇಲೆ ನನ್ನ ಗೌರವ ಇದರಿಂದ ಕಡಿಮೆಯಾಗಲಿಲ್ಲ. ನಿಮ್ಮ ಪ್ರಾಜೆಕ್ಟ್ ಕೆಲಸ ಮಾಡಲಿಲ್ಲ ಎಂದು ಗೊತ್ತಾದರೆ ಅದನ್ನು ಮುಚ್ಚಿಡಬೇಡಿ, ಬರೆಯಿರಿ. ಅಧ್ಯಾಪಕರಲ್ಲೂ ಕೈಮುಗಿದು ಕೇಳುತ್ತೇನೆ, ಅಂಥ ವರದಿಗೆ ಅಂಕ ಕಡಿಯಬೇಡಿ.

ಕೊನೆಯದಾಗಿ ಕನ್ನಡ. ಬೇಗ ಹೇಳುತ್ತೇನೆ. ಮಾತನ್ನು ಗುರುತಿಸುವ ಯಂತ್ರಗಳಿಗೆ ಪುಸ್ತಕದ ಕನ್ನಡ ಅಷ್ಟಿಷ್ಟು ಬರುತ್ತದೆ, ನಿಮ್ಮೂರಿನ ಕನ್ನಡಕ್ಕೆ ತಡವರಿಸುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಸಂಗ್ರಹಿಸುತ್ತಾರೆ. ಓದಲು ಬರಹ ಕೊಡುವುದಿಲ್ಲ. ಚಿತ್ರ ತೋರಿಸಿ, ಏನು ಕಾಣುತ್ತದೆ ಹೇಳಿ ಎನ್ನುತ್ತಾರೆ. ಬರಹ ಓದಿಸಿದರೆ ಶಾಲೆಯ ಕನ್ನಡ ಬರುತ್ತದೆ, ಚಿತ್ರ ತೋರಿಸಿದರೆ ಮನೆಯ ಕನ್ನಡ. ಇದನ್ನು ನೀವೂ ಮಾಡಬಹುದು. ಮರಾಠಿ ಬೆರೆತ ಗಡಿಭಾಗದ ಕನ್ನಡ, ಗೋಕಾಕ ಕಡೆಯ ಕನ್ನಡ, ಕಬ್ಬಿನ ಕೆಲಸದ ಮಾತುಗಳು. ಈ ಸಭಾಂಗಣದಲ್ಲಿ ಕೂತವರ ಮನೆಗಳಿಂದಲೇ ಬೇಕಾದಷ್ಟು ಸಿಗುತ್ತದೆ, ಅವರ ಒಪ್ಪಿಗೆ ಕೇಳಿ ತೆಗೆದುಕೊಂಡರೆ.

ಸಿನಾಪ್ಸಿಸ್ ಕೊಡಲು ಇನ್ನೂ ಒಂದು ಭಾನುವಾರ ಇದೆಯಲ್ಲ? ಆ ದಿನ ಒಂದು ಊರಿಗೆ ಹೋಗಿ. ಲ್ಯಾಪ್‌ಟಾಪ್ ಬೇಡ, ನೋಟ್‌ಬುಕ್ ಸಾಕು. ಕಬ್ಬಿನ ತೂಕದ ಚೀಟಿಯ ವಿಷಯ ಆರಿಸಿಕೊಳ್ಳುವವರು ಯಾರಾದರೂ ಇದ್ದರೆ ಊಟದ ಹೊತ್ತಿಗೆ ನನ್ನನ್ನು ಕಾಣಿ. ಹಂಗಾಮು ಮುಗಿಯುವುದರೊಳಗೆ ಯಾವ ಹಳ್ಳಿ, ಯಾವ ಕಾರ್ಖಾನೆ, ಯಾರನ್ನು ಕೇಳಬೇಕು ಎಂದು ಕೂತು ಬರೆಯೋಣ. ನಮಸ್ಕಾರ.