ಡಾಕ್ಟರು ಬರೆಯದ್ದನ್ನು ನಾವು ಊಹಿಸುವಂತಿಲ್ಲ

ಕೇಳುಗರಿಗೆ ನಮಸ್ಕಾರ. ಬಿ.ಎಸ್ಸಿ., ಬಿ.ಫಾರ್ಮ, ನರ್ಸಿಂಗ್ ಮುಗಿಸಿ, ಮೆಡಿಕಲ್ ಕೋಡಿಂಗ್‌ಗೆ ಸೇರೋಣವಾ ಬೇಡವಾ ಅಂತ ಲೆಕ್ಕ ಹಾಕುತ್ತಿರುವ ಹುಡುಗ ಹುಡುಗಿಯರಿಗೆ ಈ ಮಾತು. ಪಕ್ಕದಲ್ಲಿ ಅಪ್ಪ ಅಮ್ಮ ಇದ್ದರೆ ಅವರೂ ಕೇಳಲಿ. ಇದು ಸಾಫ್ಟ್‌ವೇರ್ ಕೆಲಸ ಅಲ್ಲ ಅನ್ನುವುದು ಅವರಿಗೂ ಗೊತ್ತಾಗಲಿ.

ಕೆಲಸ ಇಷ್ಟೇ. ಅಮೆರಿಕದಲ್ಲಿ ಡಾಕ್ಟರು ರೋಗಿಯನ್ನು ನೋಡಿ ನೋಟ್ ಬರೆಯುತ್ತಾರೆ. ಬೆಂಗಳೂರಿನಲ್ಲಿ ಕೂತ ಕೋಡರ್ ಅದನ್ನು ಓದಿ ಕಾಯಿಲೆಗೆ ಕೋಡ್ ಹಾಕುತ್ತಾರೆ. ಆ ಕೋಡ್ ನೋಡಿ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುತ್ತದೆ, ಇಲ್ಲವೇ ಕ್ಲೇಮ್ ವಾಪಸ್ ಕಳಿಸುತ್ತದೆ. ನಾನು ಈ ಕೆಲಸ ಕಲಿಸುವವಳು. ಹೊಸಬರಿಗೆ ಮೊದಲ ದಿನ ಹೇಳುವುದೂ ಕೊನೆಯ ದಿನ ಹೇಳುವುದೂ ಒಂದೇ ಮಾತು: ಡಾಕ್ಟರು ಬರೆಯದ್ದನ್ನು ನೀವು ಊಹಿಸಬೇಡಿ.

ಮೊಣಕೈಯನ್ನೇ ತಗೊಳ್ಳೋಣ. ಭಾರ ಎತ್ತುವಾಗ ಚಳಕ್ ಅಂದಿತು, ನೋವು ಶುರುವಾಯಿತು, ಐಸ್ ಇಟ್ಟರು, ಕೈಗೆ ಜೋಳಿಗೆ ಕಟ್ಟಿ ಕಳಿಸಿದರು. ಅರ್ಧ ಪುಟದ ನೋಟ್. ಇಂಥ ಚಾರ್ಟ್ ಕಂಡರೆ ಹೊಸಬರಿಗೆ ಖುಷಿಯೋ ಖುಷಿ. ಎಡವುವುದೂ ಇಲ್ಲೇ.

ಮೂಳೆಯನ್ನು ಮೂಳೆಗೆ ಕಟ್ಟಿ ಹಿಡಿದಿರುವ ಲಿಗಮೆಂಟ್ ಎಳೆದುಕೊಂಡರೆ ಅದು ಸ್ಪ್ರೇನ್. ಮಾಂಸಖಂಡ ಅಥವಾ ಅದರ ತುದಿಯ ಟೆಂಡನ್ ಎಳೆದುಕೊಂಡರೆ ಸ್ಟ್ರೇನ್. ಕಾಯಿಲೆಗಳ ಕೋಡ್ ಪಟ್ಟಿಗೆ ಐಸಿಡಿ ಅಂತಾರೆ. ಅಮೆರಿಕ ಅದರ ಹಳೇ ಆವೃತ್ತಿ ಐಸಿಡಿ-9 ಬಳಸುತ್ತಿದ್ದ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ನೋಟಿನಲ್ಲಿ ವಿವರ ಇಲ್ಲದಿದ್ದರೆ 841.9 ಹಾಕಿದರೆ ಮುಗಿಯಿತು. ಸ್ಪ್ರೇನ್‌ಗೂ ಅದೇ, ಸ್ಟ್ರೇನ್‌ಗೂ ಅದೇ. ಬಲಗೈಗೂ ಅದೇ, ಎಡಗೈಗೂ ಅದೇ. 2015ರ ಅಕ್ಟೋಬರ್ 1ರಂದು ಅದರ ಬದಲು ಐಸಿಡಿ-10-ಸಿಎಂ ಜಾರಿಗೆ ಬಂತು. ಈಗ ಮೊಣಕೈ ಸ್ಪ್ರೇನ್ ಎಸ್53ರಲ್ಲಿ. ಸ್ಟ್ರೇನ್ ಅಲ್ಲಿಲ್ಲ.

ಎಲ್ಲಿದೆ ಹಾಗಾದರೆ? ಸ್ಟ್ರೇನ್‌ಗೆ ಮೊಣಕೈ ಅಂತ ಬೇರೆ ವಿಭಾಗವೇ ಇಲ್ಲ! ಮೊಣಕೈ ನಮ್ಮ ಅರಸೀಕೆರೆ ಜಂಕ್ಷನ್ ಇದ್ದ ಹಾಗೆ. ಎಷ್ಟೋ ರೈಲು ಹಾದು ಹೋಗುತ್ತವೆ, ಆದರೆ ಯಾವ ರೈಲು ಅಂತ ಹೇಳಬೇಕಲ್ಲ. ಮೇಲಿನಿಂದ ಬರುವ ಬೈಸೆಪ್ಸ್, ಟ್ರೈಸೆಪ್ಸ್ ಆದರೆ ತೋಳಿನ ವಿಭಾಗ, ಎಸ್46. ಕೆಳಗೆ ಮಣಿಕಟ್ಟಿನ ಕಡೆ ಹೋಗುವ ಮಾಂಸಖಂಡ ಆದರೆ ಮುಂಗೈ ವಿಭಾಗ, ಎಸ್56. ಡಾಕ್ಟರು ‘ಎಲ್ಬೋ ಸ್ಟ್ರೇನ್’ ಅಂತ ಗೀಚಿ ಎದ್ದು ಹೋದರೆ, ಯಾವ ಮಾಂಸಖಂಡ ಅಂತ ನಮಗೆ ಕನಸು ಬೀಳುತ್ತದಾ? ಕೇಳಬೇಕು. ಊಹಿಸಬಾರದು.

ಇಲ್ಲಿ ನಮ್ಮ ಬ್ಯಾಚಿನ ಒಂದು ಕಥೆ ಹೇಳಲೇಬೇಕು. ಹಾಸನ ಕಡೆಯ ಹುಡುಗಿ, ಬಿ.ಫಾರ್ಮ ಮಾಡಿದವಳು, ಮಾತು ಕಡಿಮೆ. ಅವಳಿಗೆ ಒಂದು ಚಾರ್ಟ್ ಬಂತು. ರೋಗಿ ಗೋದಾಮಿನ ಕೆಲಸಗಾರ. ಲಾರಿಯಿಂದ ಪೆಟ್ಟಿಗೆ ಇಳಿಸುವಾಗ ಕೈ ನೋವು. ನೋಟಿನ ಮೊದಲ ಸಾಲಲ್ಲಿ ಬಲ ಮೊಣಕೈ ನೋವು ಅಂತಿದೆ. ಕೆಳಗೆ ಪರೀಕ್ಷೆ ಮಾಡಿದ ಜಾಗದಲ್ಲಿ ಎಡ ಮೊಣಕೈ ಮುಟ್ಟಿದರೆ ನೋವು ಅಂತಿದೆ. ಜೋಳಿಗೆ ಕಟ್ಟಿದ್ದು ಎಡಗೈಗೆ. ಎಡಗೈಯಲ್ಲಿ ಭಾರ ಎತ್ತಬೇಡಿ ಅಂತ ಕೊಟ್ಟ ಚೀಟಿಯೂ ಇದೆ. ಕೊನೆಗೆ ಡಯಾಗ್ನೋಸಿಸ್ ಮಾತ್ರ ಬರೀ ‘ಎಲ್ಬೋ ಸ್ಟ್ರೇನ್’. ಯಾವ ಕೈ ಅಂತ ಇಲ್ಲ.

ಪಕ್ಕದಲ್ಲಿ ಕೂತಿದ್ದವನಿಗೆ ಅವಸರ. ದಿನಕ್ಕೆ ಇಂತಿಷ್ಟು ಚಾರ್ಟ್ ಮುಗಿಸಬೇಕು ಅನ್ನುವ ಟಾರ್ಗೆಟ್ ಇರುತ್ತದಲ್ಲ. ‘ಮೂರು ಕಡೆ ಎಡ, ಒಂದೇ ಕಡೆ ಬಲ. ಬಲ ಅನ್ನೋದು ಟೈಪಿಂಗ್ ತಪ್ಪು. ಎಡ ಹಾಕು, ಮುಂದೆ ಹೋಗು’ ಅಂದ. ಕೇಳಿಸಿಕೊಂಡ ಇನ್ನಿಬ್ಬರೂ ಹೌದು ಅಂದರು. ಕೈ ಯಾವುದು ಅನ್ನುವುದಕ್ಕೆ ಚುನಾವಣೆ ಮುಗಿದೇ ಹೋಯಿತು!

ಈ ಹುಡುಗಿ ಮಾತ್ರ ಕೂತ ಜಾಗದಿಂದ ಕದಲಲಿಲ್ಲ. ‘ಮೇಡಂ, ಕ್ವೆರಿ ಹಾಕ್ತೀನಿ’ ಅಂದಳು. ಅಂದರೆ ಡಾಕ್ಟರಿಗೇ ಬರೆದು ಕೇಳುವುದು. ಅದಕ್ಕೂ ಒಂದು ರೀತಿ ಇದೆ. ‘ಎಡಗೈ ತಾನೇ ಡಾಕ್ಟ್ರೇ?’ ಅಂತ ಉತ್ತರ ಬಾಯಿಗಿಟ್ಟು ಕೇಳುವಂತಿಲ್ಲ. ಹೀಗೆ ಬರೆದರೆ ಜಾಸ್ತಿ ದುಡ್ಡು ಬರುತ್ತದೆ ಅನ್ನುವ ಸುಳಿವು ಕೊಡುವುದಂತೂ ಕೂಡದೇ ಕೂಡದು. ನೋಟಿನಲ್ಲಿ ಇರುವುದನ್ನು ಇದ್ದಂತೆ ತೋರಿಸಿ, ಯಾವ ಕೈ, ಯಾವ ಮಾಂಸಖಂಡ, ದಯವಿಟ್ಟು ತಿಳಿಸಿ ಅಂತ ಕೇಳಬೇಕು. ಅವಳು ಹಾಗೇ ಕೇಳಿದಳು. ನಾಲ್ಕೇ ಸಾಲು. ಎಷ್ಟು ಚೆನ್ನಾಗಿತ್ತು ಅಂದರೆ, ಈಗಲೂ ಪ್ರತಿ ಬ್ಯಾಚಿಗೂ ಅದನ್ನೇ ತೋರಿಸುತ್ತೇನೆ.

ಡಾಕ್ಟರ ಉತ್ತರ ಬಂತು. ಎರಡೂ ಕೈ! ಬಲ ಮೊಣಕೈಯಲ್ಲಿ ಮೊದಲಿಂದಲೂ ಟೆನಿಸ್ ಎಲ್ಬೋ ಇತ್ತು, ಅದನ್ನೂ ಅವತ್ತು ನೋಡಿದ್ದರು. ಪೆಟ್ಟಿಗೆ ಇಳಿಸುವಾಗ ಎಳೆದುಕೊಂಡಿದ್ದು ಎಡ ಮುಂಗೈಯ ಎಕ್ಸ್‌ಟೆನ್ಸರ್ ಮಾಂಸಖಂಡ. ಇಷ್ಟನ್ನೂ ನೋಟಿಗೆ ಅಡೆಂಡಮ್ ಆಗಿ ಸೇರಿಸಿದರು. ಬಲಕ್ಕೆ ಎಂ77.11, ಎಡಕ್ಕೆ ಎಸ್56.512ಎ. ಹಳೇ ನೋವು ಕೋಡ್ ಪುಸ್ತಕದ 13ನೇ ಅಧ್ಯಾಯದಲ್ಲಿ, ಹೊಸ ಪೆಟ್ಟು 19ನೇ ಅಧ್ಯಾಯದಲ್ಲಿ. ವೋಟು ಹಾಕಿ ಗೆದ್ದವರು ಒಂದು ಕಾಯಿಲೆಯನ್ನೇ ನುಂಗಿ ಹಾಕುತ್ತಿದ್ದರು, ಅಲ್ವಾ? ಡಯಾಗ್ನೋಸಿಸ್ ಸಾಲಿನಲ್ಲಿ ಡಾಕ್ಟರು ಆವತ್ತೇ ಇನ್ನೊಂದು ಸಾಲು ಬರೆದಿದ್ದರೆ ಇಷ್ಟು ಓಡಾಟವೇ ಇರುತ್ತಿರಲಿಲ್ಲ, ಆ ಮಾತು ಬೇರೆ. ನಮ್ಮ ಊರಿನ ಯುವ ಡಾಕ್ಟರುಗಳು ಯಾರಾದರೂ ಕೇಳುತ್ತಿದ್ದರೆ ಇದನ್ನು ಸ್ವಲ್ಪ ಗಮನಿಸಿ.

ಗಾಜಿನ ಆಚೆಯಿಂದ ಸಮಯ ಮುಗಿಯುತ್ತಿದೆ ಅಂತ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಆ ಕೋಡಿನ ತುದಿಯಲ್ಲಿ ‘ಎ’ ಬಂತಲ್ಲ, ಅದು ಏಳನೇ ಅಕ್ಷರ. ‘ಎ’ ಅಂದರೆ ಮೊದಲ ಭೇಟಿ ಅಂತ ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅಲ್ಲ. ಆದ ಪೆಟ್ಟಿಗಾಗಿ ನೇರ ಚಿಕಿತ್ಸೆ ನಡೆಯುತ್ತಿರುವವರೆಗೂ ‘ಎ’. ರೋಗಿ ಎರಡನೇ ಡಾಕ್ಟರ ಹತ್ತಿರ ಚಿಕಿತ್ಸೆಗೆ ಹೋದರೂ ‘ಎ’ ಆಗಬಹುದು. ಪೆಟ್ಟು ಮಾಗುವ ಹಂತದಲ್ಲಿ ಫಿಸಿಯೋಥೆರಪಿಗೆ ಬಂದರೆ ‘ಡಿ’. ಪೆಟ್ಟು ವಾಸಿಯಾದ ಮೇಲೂ ಅದರಿಂದಾದ ತೊಂದರೆ ಉಳಿದರೆ ‘ಎಸ್’. ಯಾವ ಹಂತ ಅನ್ನುವುದನ್ನೂ ನೋಟೇ ಹೇಳಬೇಕು, ನೀವಲ್ಲ.

ಹೊರರೋಗಿಯ ನೋಟಿನಲ್ಲಿ ‘ಸ್ಟ್ರೇನ್ ಇರಬಹುದು’ ಅಂತಿದ್ದರೆ ಸ್ಟ್ರೇನ್ ಕೋಡ್ ಹಾಕುವ ಹಾಗಿಲ್ಲ. ಬರೀ ನೋವು ಅಂತ ಹಾಕಬೇಕು. ಬಲ ಮೊಣಕೈಗೆ ಎಂ25.521, ಎಡಕ್ಕೆ ಎಂ25.522. ಡಾಕ್ಟರಿಗೇ ಖಾತ್ರಿ ಇಲ್ಲದ್ದನ್ನು ನಾವ್ಯಾಕೆ ಖಾತ್ರಿ ಮಾಡೋಣ? ಭಾರ ಎತ್ತಿ ಆಯಿತು ಅಂತ ಬರೆದಿದ್ದರೆ ಆ ಕಾರಣ ಹೇಳುವ ಕೋಡ್ ಎಕ್ಸ್50.0ಎಕ್ಸ್‌ಎಕ್ಸ್‌ಎ ಜೊತೆಗೆ ಸೇರುತ್ತದೆ. ಬರೆದಿದ್ದರೆ ಮಾತ್ರ.

ಪರೀಕ್ಷೆಗೆ ತಯಾರಾಗುವವರು ಕೋಡ್ ಬಾಯಿಪಾಠ ಮಾಡುತ್ತಾ ಸುಮ್ನೆ ಕೂರಬೇಡಿ. ಕೋಡರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಸಿಪಿಸಿ ಪರೀಕ್ಷೆಗೆ ಕೋಡ್ ಪುಸ್ತಕ ತೆಗೆದುಕೊಂಡೇ ಹೋಗಬಹುದು. ಅದರ ಮುಂದಿನ ಗೈಡ್‌ಲೈನ್ಸ್ ಪುಟಗಳನ್ನು ಓದಿ, ಯಾರೂ ಓದುವುದಿಲ್ಲ. ಆಮೇಲೆ, ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಕೋಡ್ ಬದಲಾಗುತ್ತವೆ. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹಳೇ ಪುಸ್ತಕ ತಗೋಬೇಡಿ. ನಮಸ್ಕಾರ.