ಲಿವರ್ ರಿಪೋರ್ಟ್‌ನಲ್ಲಿ ಕೆಂಪು ಗುರುತು ಬಂದಿದೆಯಾ? ಮೊದಲು ಇದನ್ನು ನೋಡಿ

ನಮಸ್ಕಾರ. ಇವತ್ತು ಲಿವರ್ ಬ್ಲಡ್ ಟೆಸ್ಟ್, ಅಂದರೆ ಎಲ್‌ಎಫ್‌ಟಿ ರಿಪೋರ್ಟ್ ಬಗ್ಗೆ ಮಾತಾಡೋಣ.

[ಸ್ಕ್ರೀನ್ ಮೇಲೆ: ಒಂದು ರಿಪೋರ್ಟ್. ಎಸ್‌ಜಿಪಿಟಿ 78 ಇರುವ ಸಾಲಿಗೆ ಕೆಂಪು ಗೆರೆ]

ರಿಪೋರ್ಟ್ ತೆರೆದ ತಕ್ಷಣ ಕಣ್ಣು ಹೋಗುವುದು ಕೆಂಪು ಗುರುತಿನ ಸಾಲಿಗೆ. ಎಸ್‌ಜಿಪಿಟಿ 78. ಪಕ್ಕದಲ್ಲಿ 40ರ ಒಳಗಿರಬೇಕು ಅಂತ ಅಚ್ಚಾಗಿದೆ. ಹೆಚ್ಚುಕಡಿಮೆ ಎರಡು ಪಟ್ಟು, ಹಾಗಾದರೆ ಲಿವರ್ ಅರ್ಧ ಹಾಳಾಗಿದೆ ಅಂತ ಮನಸ್ಸು ತಾನೇ ಲೆಕ್ಕ ಹಾಕಿಬಿಡುತ್ತದೆ, ಅಲ್ವಾ? ಆ ಲೆಕ್ಕ ತಪ್ಪು. ಎಸ್‌ಜಿಪಿಟಿ ಎಷ್ಟು ಏರಿದೆ ಎನ್ನುವುದರಿಂದ ಲಿವರ್ ಎಷ್ಟು ಕೆಟ್ಟಿದೆ ಅಂತ ಹೇಳೋಕೆ ಆಗುವುದಿಲ್ಲ.

ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಲಿವರ್ ಕೋಶಗಳ ಒಳಗೆ ಇರಬೇಕಾದ ಎನ್‌ಜೈಮ್‌ಗಳು. ಕೆಲವು ಲ್ಯಾಬ್‌ಗಳು ಇವನ್ನೇ ಎಎಲ್‌ಟಿ, ಎಎಸ್‌ಟಿ ಅಂತ ಬರೆಯುತ್ತವೆ. ಕೋಶಕ್ಕೆ ಪೆಟ್ಟು ಬಿದ್ದಾಗ ಇವು ಸೋರಿ ರಕ್ತಕ್ಕೆ ಬರುತ್ತವೆ. ಹೊಗೆ ಎದ್ದರೆ ಎಲ್ಲೋ ಬೆಂಕಿ ಇದೆ ಅಂತ ಗೊತ್ತಾಗುತ್ತದೆ, ಆದರೆ ಮನೆ ಎಷ್ಟು ಉಳಿದಿದೆ ಅಂತ ಹೊಗೆ ನೋಡಿ ಹೇಳೋಕಾಗಲ್ಲ. ಹೆಪಟೈಟಿಸ್ ಎ ಬಂದವರಲ್ಲಿ ಎಸ್‌ಜಿಪಿಟಿ 2000 ದಾಟಬಹುದು, ಅವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಇನ್ನೊಬ್ಬರಿಗೆ ವರ್ಷಗಟ್ಟಲೆ ಪೆಟ್ಟು ಬಿದ್ದು ಬಿದ್ದು ಸಿರೋಸಿಸ್ ಆಗಿರುತ್ತದೆ, ಅಂದರೆ ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾಗಿರುತ್ತದೆ, ಎಸ್‌ಜಿಪಿಟಿ ಮಾತ್ರ 32, ರಿಪೋರ್ಟ್‌ನಲ್ಲಿ ಒಂದು ಕೆಂಪು ಗುರುತೂ ಇರುವುದಿಲ್ಲ.

ಹಾಗಾದರೆ ಲಿವರ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯೋದು ಹೇಗೆ? ಅದಕ್ಕೆ ಬೇರೆ ಸಾಲುಗಳನ್ನು ನೋಡಬೇಕು. ಒಂದು ಆಲ್ಬುಮಿನ್. ಇದನ್ನು ತಯಾರಿಸೋದು ಲಿವರ್ ಒಂದೇ, ಆದರೆ ರಕ್ತದಲ್ಲಿ ಇದು ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಲಿವರ್ ಇವತ್ತು ಕೈಕೊಟ್ಟರೆ ಆಲ್ಬುಮಿನ್‌ನಲ್ಲಿ ಕಾಣೋಕೆ ಸಮಯ ಬೇಕು. ಎರಡನೆಯದು ಪಿಟಿ ಅಥವಾ ಐಎನ್‌ಆರ್, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನುವ ಟೆಸ್ಟ್. ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ತಯಾರಿಸೋದೂ ಲಿವರ್, ಹಾಗಾಗಿ ಇದು ಬೇಗ ಬದಲಾಗುತ್ತದೆ. ಮೂರನೆಯದು ಬಿಲಿರುಬಿನ್, ಹಳೆಯ ರಕ್ತಕಣಗಳು ಒಡೆದಾಗ ಬರುವ ಹಳದಿ ವಸ್ತು, ಅದನ್ನು ಹೊರಹಾಕೋದು ಲಿವರ್ ಕೆಲಸ. ಇವುಗಳ ಜೊತೆಗೆ ಹೆಚ್ಚಿನವರು ನೋಡೋದೇ ಇಲ್ಲದ ಇನ್ನೊಂದು ಸಂಖ್ಯೆ ಇದೆ, ಪ್ಲೇಟ್‌ಲೆಟ್. ಅದು ಎಲ್‌ಎಫ್‌ಟಿ ಪುಟದಲ್ಲಿ ಇರುವುದೇ ಇಲ್ಲ, ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಪುಟದಲ್ಲಿ ಇರುತ್ತದೆ. ಲಿವರ್ ಗಟ್ಟಿಯಾದಾಗ ಗುಲ್ಮ (ಸ್ಪ್ಲೀನ್) ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅವು 1.5 ಲಕ್ಷಕ್ಕಿಂತ ಕೆಳಗೆ ಇಳಿಯಬಹುದು. ಪ್ಲೇಟ್‌ಲೆಟ್ ಕಡಿಮೆಯಾಗೋಕೆ ಬೇರೆ ಕಾರಣಗಳೂ ಇವೆ. ಆದರೂ ಲಿವರ್ ವಿಷಯದಲ್ಲಿ ಇದು ದೊಡ್ಡ ಸುಳಿವು.

[ಸ್ಕ್ರೀನ್ ಮೇಲೆ: ಇಬ್ಬರ ರಿಪೋರ್ಟ್ ಪಕ್ಕಪಕ್ಕ]

ಈ ಭಾಗ ದಯವಿಟ್ಟು ಸ್ಕಿಪ್ ಮಾಡಬೇಡಿ. ಇಬ್ಬರು ಇದ್ದಾರೆ ಅಂದುಕೊಳ್ಳಿ. ಇಬ್ಬರಿಗೂ ಎಸ್‌ಜಿಒಟಿ 60, ಎಸ್‌ಜಿಪಿಟಿ 64. ಇಬ್ಬರಿಗೂ 'ಸ್ವಲ್ಪ ಜಾಸ್ತಿ ಇದೆ, ಏನೂ ಆಗಲ್ಲ ಬಿಡಿ' ಅಂತ ಯಾರೋ ಹೇಳಿರುತ್ತಾರೆ. ಮೊದಲನೆಯವರಿಗೆ 40 ವರ್ಷ, ಪ್ಲೇಟ್‌ಲೆಟ್ 2.8 ಲಕ್ಷ. ಎರಡನೆಯವರಿಗೆ 55 ವರ್ಷ, ಪ್ಲೇಟ್‌ಲೆಟ್ 1.5 ಲಕ್ಷ. ಫಿಬ್-4 ಅಂತ ಒಂದು ಲೆಕ್ಕ ಇದೆ, ವೈದ್ಯರು ದಿನಾ ಬಳಸುವಂಥದ್ದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಬಂದದ್ದನ್ನು ಪ್ಲೇಟ್‌ಲೆಟ್‌ನಿಂದಲೂ (ಸಾವಿರದ ಲೆಕ್ಕದಲ್ಲಿ, ಅಂದರೆ 2.8 ಲಕ್ಷಕ್ಕೆ 280), ಎಸ್‌ಜಿಪಿಟಿಯ ವರ್ಗಮೂಲದಿಂದಲೂ ಭಾಗಿಸಬೇಕು. 64ರ ವರ್ಗಮೂಲ 8. ಮೊದಲನೆಯವರಿಗೆ ಸುಮಾರು 1.07 ಬರುತ್ತದೆ, ಎರಡನೆಯವರಿಗೆ 2.75.

1.3ಕ್ಕಿಂತ ಕಡಿಮೆ ಬಂದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಸುಮ್ನೆ ಕೂರಬಾರದು, ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್) ಅಥವಾ ಲಿವರ್ ತಜ್ಞರ ಭೇಟಿ ಬೇಕು. ನಡುವೆ ಬಂದವರಿಗೂ ಮುಂದಿನ ತಪಾಸಣೆ ಇದೆ. ನೋಡಿ, ಎನ್‌ಜೈಮ್ ಒಂದೇ, ಆದರೆ ಇಬ್ಬರ ದಾರಿ ಪೂರ್ತಿ ಬೇರೆ! 35 ವರ್ಷದ ಒಳಗಿನವರಿಗೆ ಈ ಲೆಕ್ಕ ಅಷ್ಟು ನಂಬಿಕೆಗೆ ಬರುವುದಿಲ್ಲ. 65 ದಾಟಿದವರಿಗೆ 1.3ರ ಬದಲು 2.0 ಅನ್ನು ಕೆಳಗಿನ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಜ್ವರ ಅಥವಾ ಜಾಂಡೀಸ್ ಇರುವಾಗ ತೆಗೆದ ರಕ್ತದ ಮೇಲೆ ಈ ಲೆಕ್ಕ ಮಾಡಬೇಡಿ.

ಈಗ ಯಾವ ಸಾಲು ಏರಿದೆ ಅನ್ನುವ ವಿಷಯ. ಎಸ್‌ಜಿಪಿಟಿ, ಎಸ್‌ಜಿಒಟಿ ಮುಖ್ಯವಾಗಿ ಏರಿದ್ದರೆ ಪೆಟ್ಟು ಬಿದ್ದಿರುವುದು ಲಿವರ್ ಕೋಶಗಳಿಗೆ. ಎಎಲ್‌ಪಿ ಮತ್ತು ಜಿಜಿಟಿ ಅನ್ನುವ ಇನ್ನೆರಡು ಎನ್‌ಜೈಮ್ ಮುಖ್ಯವಾಗಿ ಏರಿದ್ದರೆ ಪಿತ್ತ ಹರಿಯುವ ದಾರಿಯಲ್ಲಿ ತೊಂದರೆ, ಉದಾಹರಣೆಗೆ ಪಿತ್ತನಾಳದಲ್ಲಿ ಕಲ್ಲು. ಎಎಲ್‌ಪಿ ಒಂದೇ ಏರಿ ಜಿಜಿಟಿ ನಾರ್ಮಲ್ ಇದ್ದರೆ ಅದು ಮೂಳೆಯಿಂದ ಬಂದಿರಬಹುದು. ಬೆಳೆಯುವ ಮಕ್ಕಳಲ್ಲಿ ಎಎಲ್‌ಪಿ ಜಾಸ್ತಿ ಇರೋದು ಸಹಜ. ಗರ್ಭಿಣಿಯರ ಕೊನೆಯ ತಿಂಗಳುಗಳಲ್ಲೂ ಸಹಜ, ಮಾಸಿನಿಂದ ಬರುತ್ತದೆ.

ಎಸ್‌ಜಿಒಟಿ ಲಿವರ್‌ನಲ್ಲಿ ಮಾತ್ರ ಇರುವುದಿಲ್ಲ, ಸ್ನಾಯುವಿನಲ್ಲೂ ಇರುತ್ತದೆ. ಹೊಸದಾಗಿ ಜಿಮ್ ಸೇರಿ ಭಾರ ಎತ್ತಿದವರಲ್ಲಿ ಎರಡೂ ಎನ್‌ಜೈಮ್ ಏರಿ ಒಂದು ವಾರದವರೆಗೂ ಹಾಗೇ ಉಳಿಯಬಹುದು. ಅನುಮಾನ ಇದ್ದರೆ ಸ್ನಾಯುವಿಗೆ ಪೆಟ್ಟು ಬಿದ್ದಿದೆಯಾ ಅಂತ ತೋರಿಸುವ ಸಿಕೆ ಅನ್ನುವ ಟೆಸ್ಟ್ ಉತ್ತರ ಹೇಳುತ್ತದೆ. ಇನ್ನು ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಜಾಸ್ತಿ ಇದ್ದರೆ ಮದ್ಯದ ಕಡೆ ಬೆರಳು ಹೋಗುತ್ತದೆ. ವೈದ್ಯರು ಕೇಳಿದಾಗ ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ. ಕಡಿಮೆ ಹೇಳಿದರೆ ಅವರು ಇಲ್ಲದ ಕಾಯಿಲೆ ಹುಡುಕುತ್ತಾ ಹೋಗುತ್ತಾರೆ, ನಿಮ್ಮ ಸಮಯ ಹೋಗುತ್ತದೆ.

ಬಿಲಿರುಬಿನ್ ಒಂದೇ ಸ್ವಲ್ಪ ಏರಿದ್ದರೆ? 1.8, 2.2, ಹೀಗೆ, ಉಳಿದದ್ದೆಲ್ಲ ನಾರ್ಮಲ್. ಆಗ ಒಳಗಿನ ವಿಂಗಡಣೆ ನೋಡಿ. ಏರಿರುವುದು ಇನ್‌ಡೈರೆಕ್ಟ್ ಭಾಗ (ಲಿವರ್ ಇನ್ನೂ ಸಂಸ್ಕರಿಸದ ಬಿಲಿರುಬಿನ್), ರಕ್ತಕಣಗಳು ಒಡೆಯುತ್ತಿಲ್ಲ ಅಂತಲೂ ಖಚಿತವಾಗಿದೆ ಅಂದರೆ ಅದು ಬಹುತೇಕ ಗಿಲ್ಬರ್ಟ್ ಸಿಂಡ್ರೋಮ್. ಹುಟ್ಟಿನಿಂದ ಬರುವ ಗುಣ ಇದು, ಕಾಯಿಲೆ ಅಂತ ಕರೆಯೋದೇ ಜಾಸ್ತಿಯಾಯಿತು. ಉಪವಾಸ ಇದ್ದಾಗ, ಜ್ವರ ಬಂದಾಗ ಕಣ್ಣು ಸ್ವಲ್ಪ ಹಳದಿ ಕಾಣಬಹುದು. ಔಷಧಿ ಬೇಡ, ಪಥ್ಯ ಬೇಡ. ಇಂಥವರನ್ನು ಜಾಂಡೀಸ್ ಅಂತ ತಿಂಗಳುಗಟ್ಟಲೆ ಸಪ್ಪೆ ಊಟದಲ್ಲಿ ಕೂರಿಸೋದನ್ನು ಕೇಳಿದರೆ ನಿಜಕ್ಕೂ ಬೇಜಾರಾಗುತ್ತದೆ.

ಎಸ್‌ಜಿಪಿಟಿ ಸ್ವಲ್ಪ ಏರಿ ಹಾಗೇ ಉಳಿಯೋಕೆ ಬಹಳ ಜನರಲ್ಲಿ ಕಾರಣ ಫ್ಯಾಟಿ ಲಿವರ್. ಶುಗರ್, ಹೊಟ್ಟೆಯ ಬೊಜ್ಜು, ಟ್ರೈಗ್ಲಿಸರೈಡ್ ಜಾಸ್ತಿ ಇರುವವರಿಗೆ ಇದು ಬರುವ ಸಾಧ್ಯತೆ ಹೆಚ್ಚು. ತೂಕ ಜಾಸ್ತಿ ಇದ್ದವರು ಶೇ 7ರಿಂದ 10ರಷ್ಟು ಇಳಿಸಿದರೆ ಲಿವರ್ ಒಳಗಿನ ಕೊಬ್ಬು, ಉರಿಯೂತ ಎರಡೂ ಕಡಿಮೆಯಾಗುತ್ತವೆ. 80 ಕೆಜಿ ಇದ್ದರೆ 6ರಿಂದ 8 ಕೆಜಿ. ಆಗುವಂಥ ಕೆಲಸ ಇದು, ನಿಧಾನವಾಗಿ ಮಾಡಿ.

ಔಷಧಿಗಳ ಪಟ್ಟಿ ಪೂರ್ತಿ ಕೊಡಿ. ಪೂರ್ತಿ ಅಂದರೆ ಪ್ರೋಟೀನ್ ಪೌಡರ್, ತೂಕ ಇಳಿಸುವ ಮಾತ್ರೆ, ಗಿಡಮೂಲಿಕೆ ಪುಡಿ, 'ಲಿವರ್ ಕ್ಲೀನ್' ಮಾಡುತ್ತೇವೆ ಅಂತ ಮಾರುವ ಬಾಟಲಿ, ಎಲ್ಲವೂ. ಲಿವರ್ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಅದನ್ನು ಹೊರಗಿನಿಂದ ತೊಳೆಯುವ ಬಾಟಲಿ ಬೇಕಿಲ್ಲ. ಗ್ರೀನ್ ಟೀ ಸಾರದ ಮಾತ್ರೆಗಳಿಂದಲೇ ಲಿವರ್ ಕೆಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ. ಹಾಗಂತ ವೈದ್ಯರು ಬರೆದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ತಗೊಳ್ಳುವವರಲ್ಲಿ ಎಸ್‌ಜಿಪಿಟಿ ಸ್ವಲ್ಪ ಏರಿದರೆ ಸಾಮಾನ್ಯವಾಗಿ ಅದನ್ನು ಮುಂದುವರಿಸಬಹುದು. ಟಿಬಿ ಮಾತ್ರೆ ತಗೊಳ್ಳುತ್ತಿರುವಾಗ ವಾಂತಿ ಬಂದರೆ, ಕಣ್ಣು ಹಳದಿಯಾದರೆ ಮಾತ್ರ ಕಾಯಬೇಡಿ, ಅದೇ ದಿನ ವೈದ್ಯರಿಗೆ ತಿಳಿಸಿ.

[ಸ್ಕ್ರೀನ್ ಮೇಲೆ: ತಕ್ಷಣ ಆಸ್ಪತ್ರೆಗೆ]

ತಕ್ಷಣ ಹೋಗಬೇಕಾದ ಸಂದರ್ಭಗಳು: ಜಾಂಡೀಸ್ ಜೊತೆ ಮಾತು ತಡವರಿಸುವುದು, ಗೊಂದಲ, ವಿಪರೀತ ನಿದ್ದೆ, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಜ್ವರ ಮತ್ತು ಹೊಟ್ಟೆಯ ಬಲಗಡೆ ನೋವು. ಇನ್ನೊಂದು ಪ್ಯಾರಾಸಿಟಮಾಲ್. ಯಾರಾದರೂ ಅದನ್ನು ಮಿತಿ ಮೀರಿ ನುಂಗಿದ್ದರೆ ಟೆಸ್ಟ್ ನಾರ್ಮಲ್ ಬಂದಿದೆ ಅಂತ ಮನೆಯಲ್ಲಿ ಉಳಿಯಬೇಡಿ. ಮೊದಲ ದಿನ ಎನ್‌ಜೈಮ್ ಏರದೇ ಇರಬಹುದು, ಮನುಷ್ಯ ಚೆನ್ನಾಗಿಯೇ ಕಾಣಬಹುದು. ಇದಕ್ಕೆ ಮದ್ದು ಇದೆ, ಎನ್-ಅಸಿಟೈಲ್‌ಸಿಸ್ಟೀನ್. 8 ಗಂಟೆಯ ಒಳಗೆ ಕೊಟ್ಟರೆ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಕರೆದುಕೊಂಡು ಹೋಗಿ.

ಕೊನೆಯದಾಗಿ, ಎಸ್‌ಜಿಪಿಟಿ ಏರಿದ ಎಲ್ಲರೂ ಕೇಳಬೇಕಾದ ಎರಡು ಟೆಸ್ಟ್ ಇವೆ: ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ, ಹೆಪಟೈಟಿಸ್ ಸಿಗೆ ಆಂಟಿ-ಎಚ್‌ಸಿವಿ. ಎರಡೂ ವೈರಸ್ ಹತ್ತಾರು ವರ್ಷ ಸದ್ದಿಲ್ಲದೆ ಇರಬಲ್ಲವು. ಬಿ ವೈರಸ್ಸನ್ನು ಮಾತ್ರೆಯಿಂದ ಹತೋಟಿಯಲ್ಲಿ ಇಡಬಹುದು. ಸಿ ವೈರಸ್ 8ರಿಂದ 12 ವಾರ ಮಾತ್ರೆ ತಗೊಂಡರೆ ಬಹುತೇಕ ಎಲ್ಲರಲ್ಲೂ ಪೂರ್ತಿ ಹೋಗುತ್ತದೆ. ನಿಮ್ಮ ಫೈಲ್‌ನಲ್ಲಿ ಈ ಎರಡು ಟೆಸ್ಟ್ ಇದೆಯಾ ನೋಡಿ, ಇಲ್ಲದಿದ್ದರೆ ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಕೇಳಿ ಬರೆಸಿಕೊಳ್ಳಿ.